ಬೀಗರಿಗೆ ಹೇಳದ ಮಾತ್ರೆ

ಗುತ್ತಲು, ಮಂಡ್ಯ
೧೪ ಜುಲೈ ೨೦೨೫, ಬೆಳಗ್ಗೆ

ಪ್ರೀತಿಯ ಮಗಳು ಚಂದನಳಿಗೆ,

ನಿನ್ನ ತಂದೆಯ ಆಶೀರ್ವಾದಗಳು. ಬಹಳ ದಿನಗಳಿಂದ ಬರೆಯಲಿಲ್ಲವೆಂದು ಮುನಿಯಬೇಡ. ನಿನಗೀಗ ಮೂರನೆಯ ತಿಂಗಳು. ವಾಂತಿ ತಗ್ಗಿತೇ, ಊಟ ಸೇರುತ್ತಿದೆಯೇ ಎಂದು ದಿನವೂ ನೆನೆಯುತ್ತೇನೆ. ಬೆಳಗಿನಿಂದ ನಿನ್ನ ದೂರವಾಣಿಗೆ ಉತ್ತರವಿಲ್ಲ, ನಿನ್ನ ಮಾವನವರದೂ ಸಿಗುತ್ತಿಲ್ಲ. ನಿಮ್ಮೂರು ಬೆಸಗರಹಳ್ಳಿಯ ಕಡೆಗೆ ಕೆಲಸಕ್ಕೆ ಹೊರಟಿರುವ ನಮ್ಮ ಮೆಕ್ಯಾನಿಕ್ ನಜೀರ್ ಅಹ್ಮದ್ ಅವರ ಕೈಯಲ್ಲಿ ಇದನ್ನು ಕಳುಹಿಸುತ್ತಿದ್ದೇನೆ. ನಾನೇ ಬರುವಂತಿಲ್ಲ, ನಿನ್ನ ಅಮ್ಮನನ್ನು ಈಗಲೇ ಮೈಸೂರಿಗೆ ಕರೆದೊಯ್ಯಬೇಕಾಗಿದೆ.

ಅವಳ ಕೀಲುನೋವಿಗೆ ನಿನ್ನ ಮಾವ ಪುಟ್ಟರಾಜು ಡಾಕ್ಟರು ನಿನ್ನ ಮದುವೆಯಾದಂದಿನಿಂದಲೂ ಔಷಧ ಕೊಡುತ್ತಿದ್ದುದು ನಿನಗೆ ಗೊತ್ತು. ಗುಣವಾಗಲಿಲ್ಲ. ಯುಗಾದಿಗೆ ಮುಂಚೆ ನಾವಿಬ್ಬರೂ ಯಾರಿಗೂ ತಿಳಿಸದೆ ಮೈಸೂರಿನ ಕೀಲುತಜ್ಞೆ ಸುರಯ್ಯಾ ಅವರಲ್ಲಿಗೆ ಹೋದೆವು. ಅವರು ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಮಾತ್ರೆ ಬರೆದರು. ಈ ಮಾತ್ರೆಗೆ ಇಬ್ಬರು ವೈದ್ಯರ ಕಣ್ಣಿರಬೇಕು, ಊರಿನ ವೈದ್ಯರು ತಿಂಗಳಿಗೊಮ್ಮೆ ರಕ್ತ ಪರೀಕ್ಷಿಸಿ ಮಾತ್ರೆ ಮುಂದುವರಿಸಲಿ, ಏರುಪೇರು ಕಂಡರೆ ತಮಗೆ ತಿಳಿಸಲಿ ಎಂದು ಹೇಳಿ, ಹಾಗೆಯೇ ನಿನ್ನ ಮಾವನವರಿಗೊಂದು ಪತ್ರವನ್ನೂ ಕೊಟ್ಟರು.

ಆ ಪತ್ರವನ್ನು ತಲುಪಿಸಲು ನಿನ್ನ ಅಮ್ಮ ಬಿಡಲಿಲ್ಲ. "ನಮ್ಮ ಔಸ್ದಿ ಸಾಲ್ದೆ ಓಯ್ತಾ ಅಂತ ಬೀಗರು ಮಗಳ್ನ ಚುಚ್ತಾರೆ. ಅವ್ಳು ಅಲ್ಲಿ ಬಾಳ್ಬೇಕು ಕಣ್ರೀ, ಏಳ್ಬ್ಯಾಡಿ" ಎಂದಳು. ನಾನೂ ಸುಮ್ಮನಾದೆ. ಔಷಧದ ಅಂಗಡಿಯಲ್ಲಿ ಸುರಯ್ಯಾ ಅವರ ಹಳೆಯ ಚೀಟಿಯನ್ನೇ ತಿಂಗಳು ತಿಂಗಳೂ ತೋರಿಸಿ ಮಾತ್ರೆ ತಂದೆವು. ರಕ್ತವನ್ನು ಯಾರೂ ನೋಡಲಿಲ್ಲ. ಮೈಸೂರಿನ ವೈದ್ಯೆ, ಊರಿನವರು ನೋಡುತ್ತಿದ್ದಾರೆಂದುಕೊಂಡರು. ಊರಿನವರಿಗೆ ನೋಡಬೇಕಾದದ್ದಿದೆಯೆಂಬುದೇ ತಿಳಿಯದು.

ಅವಳ ಬೆರಳುಗಳು ಮಡಿಚತೊಡಗಿದವು. ಮುದ್ದೆಯನ್ನು ತಾನೇ ತೊಳಸಿದಳು. ನಿನ್ನ ಮಾವ ಹಿಗ್ಗಿ, ನಮ್ಮ ನೆರೆಯ ಸ್ವಾಮಿಯ ಮನೆಯ ಗೃಹಪ್ರವೇಶದಲ್ಲಿ ಎಲ್ಲರ ಮುಂದೆ, "ನಮ್ಮ ಬೀಗಿತ್ತಿ ಕೈ ನೆಟ್ಟಗಾದದ್ದು ನನ್ನ ಗುಳಿಗೆಲಿ ಕಣ್ರಲಾ, ಮೈಸೂರ್ಗೆ ಓಗಿದ್ರೆ ಇದಾಯ್ತಿತ್ತಾ" ಎಂದರು. ನಿನ್ನ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ಅಂದು ಊಟ ಸೇರಲಿಲ್ಲ.

ಕಳೆದ ವಾರ ಅವಳಿಗೆ ಮೂತ್ರದ ಉರಿ ಕಾಣಿಸಿತು. ಬೀಗರು, ಬೇರೆ ಏನನ್ನಾದರೂ ನುಂಗುತ್ತಿದ್ದೀರಾ ಎಂದು ಕೇಳಿಯೇ ಮಾತ್ರೆ ಕೊಟ್ಟರು. ಇಲ್ಲವೆಂದಳು. ಈಗ ಬಾಯಿತುಂಬ ಹುಣ್ಣು, ಇಳಿಯದ ಜ್ವರ, ತೋಳಿನ ಮೇಲೆ ಏಟು ಬೀಳದೆಯೇ ಮೂಡಿದ ನೀಲಿ ಕಲೆಗಳು. ನಿನ್ನೆ ರಕ್ತ ಪರೀಕ್ಷೆ ಮಾಡಿಸಿ, ಇಂದು ಬೆಳಗ್ಗೆ ಬಂದ ಫಲಿತಾಂಶವನ್ನು ಮೈಸೂರಿಗೆ ತಿಳಿಸಿದೆ. ಆ ವೈದ್ಯೆ, ಜೊತೆಗೆ ಬೇರೆ ಯಾವ ಮಾತ್ರೆ ನುಂಗಿದಳೆಂದು ಕೇಳಿ, ಬೀಗರು ಕೊಟ್ಟದ್ದರ ಹೆಸರನ್ನು ನನ್ನಿಂದ ಓದಿಸಿಕೊಂಡರು. ಬಳಿಕ, "ಈ ಎರಡು ಮಾತ್ರೆ ಸೇರಲೇಬಾರದು. ಎರಡನ್ನೂ ನಿಲ್ಲಿಸಿ, ತಕ್ಷಣ ಕರೆತನ್ನಿ. ಆ ಡಾಕ್ಟರಿಗೆ ನನ್ನ ಪತ್ರ ಕೊಡಲಿಲ್ಲವೇ?" ಎಂದರು. ಜೀವಕ್ಕೆ ಅಪಾಯವಿದೆಯೇ ಎಂದೆ. ಮೊದಲು ಹೊರಡಿ ಎಂದಷ್ಟೇ ಹೇಳಿದರು.

ಆ ಪತ್ರವನ್ನು ಇದರೊಡನೆ ಇಟ್ಟಿದ್ದೇನೆ. ನಿನ್ನ ಮಾವನವರ ಕೈಗೆ ಕೊಡು. ತಾವು ಕೊಟ್ಟ ಮಾತ್ರೆಯ ಪ್ರಮಾಣವನ್ನು ಅವರು ಸುರಯ್ಯಾ ಅವರಿಗೆ ತಿಳಿಸಬೇಕು. ಅವರು ಮುನಿದರೆ ಮುನಿಯಲಿ; ನಾನು ಬಂದು ತಲೆತಗ್ಗಿಸಿ ನಿಲ್ಲುತ್ತೇನೆ.

ನಿನಗೂ ನಿನ್ನ ಒಡಲಿನ ಕೂಸಿಗೂ ಒಳಿತಾಗಲಿ.

ನಿನ್ನ ತಂದೆ,
ತಿಮ್ಮಯ್ಯ

ಮತ್ತೊಂದು ಮಾತು: ಹೊರಟಿದ್ದ ನಜೀರ್ ಅವರನ್ನು ನಿಲ್ಲಿಸಿ ಇಷ್ಟನ್ನು ಬರೆಯುತ್ತಿದ್ದೇನೆ. ಕಳೆದ ತಿಂಗಳು ನೀನು ಬಂದಾಗ ಮೊಣಕಾಲು ನೋವೆಂದೆಯಂತೆ. ತನಗೆ ಗುಣವಾಯಿತೆಂದು ನಿನ್ನ ಅಮ್ಮ ತನ್ನ ವಾರದ ಮಾತ್ರೆಗಳಲ್ಲಿ ಕೆಲವನ್ನು ನಿನಗೆ ಕಟ್ಟಿಕೊಟ್ಟಳಂತೆ. ಈಗ ಹೇಳುತ್ತಿದ್ದಾಳೆ. ಬಸುರಿಯರು ಅದನ್ನು ನುಂಗಿದರೆ ಕೂಸು ಉಳಿಯದು ಎಂದು ವೈದ್ಯೆ ಮೊದಲ ದಿನವೇ ನನ್ನನ್ನು ಎಚ್ಚರಿಸಿದ್ದರು; ಈ ವಯಸ್ಸಿನಲ್ಲಿ ಅವಳಿಗೇಕೆಂದು ನಾನು ನಿನ್ನ ಅಮ್ಮನಿಗೆ ಹೇಳಿರಲಿಲ್ಲ. ನುಂಗಿರದಿದ್ದರೆ ಮುಟ್ಟಬೇಡ. ನುಂಗಿದ್ದರೆ ಈ ಕ್ಷಣವೇ ನಿನ್ನ ಮಾವನವರಿಗೆ ಹೇಳು. ಯಾರ ಮರ್ಯಾದೆಯನ್ನೂ ನೋಡಬೇಡ. ನಿನ್ನ ಅಮ್ಮ ಕಾರಿನಲ್ಲಿ ಕುಳಿತು, ಹುಣ್ಣಾದ ಬಾಯಿಂದ ಒಂದನ್ನೇ ಕೇಳುತ್ತಿದ್ದಾಳೆ: "ಮಗ್ಳು ಯಾಕೆ ಫೋನ್ ಎತ್ತಾ ಇಲ್ಲ?"