ಗೇಟಿನ ಮುಂದಿನ ಸಾಲು

ಹೋಬಾರ್ಟ್,
ಗುರುವಾರ, ಮಧ್ಯಾಹ್ನ ಎರಡೂವರೆ

ಮಾನ್ಯ ಪ್ರೀಮಿಯರ್ ಅವರೇ,

ಮೂರು ಗಂಟೆಗೆ ಮತದಾನ, ನಮಗಿರುವುದು ಒಂದೇ ಮತದ ಬಹುಮತ ಎಂದು ಗೊತ್ತಿದ್ದೂ ಸಂಸತ್ ಭವನದ ಎದುರಿನ ಬೇಕರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕೂತಿದ್ದೇನೆ ಎನ್ನುವುದೂ ಸುಳ್ಳು. ಆರು ಸಲ ಗೇಟಿನವರೆಗೆ ಹೋಗಿ ಬಂದೆ. ಫೋನ್ ಇದೆ. ನಿಮ್ಮ ದನಿ ಕೇಳಿದರೆ ಒಳಗೆ ಬಂದುಬಿಡುತ್ತೇನೆಂದು ಮುಟ್ಟಿಲ್ಲ.

ನಾನು ಊಟಕ್ಕೆ ಹೊರಬಂದ ಮೇಲೆ ನಮ್ಮ ಭವನದ ಕಸ ಗುಡಿಸುವ ಹೆಂಗಸರು ಮುಷ್ಕರ ಹೂಡಿ ಗೇಟಿಗೆ ಅಡ್ಡವಾಗಿ ಸಾಲು ನಿಂತರು. ಯಾರೂ ನನ್ನನ್ನು ತಡೆಯುತ್ತಿಲ್ಲ. ಆದರೆ ಮುಷ್ಕರದ ಸಾಲು ದಾಟುವುದೆಂದರೆ ಹಡಗುಕಟ್ಟೆಯಿಂದ ಬಂದ ನಮ್ಮಂಥವರಿಗೆ ದ್ರೋಹ.

"ಏನ್ ಕ್ಲೆಮ್, ಮಂತ್ರಿ ಆದ್ಮೇಲೆ ಕಾಲು ಸೋತ್ಹೋಯ್ತಾ? ಹೋಗಪ್ಪಾ, ನಾನ್ ಆ ಕಡೆ ತಿರುಗ್ಕೋತೀನಿ" ಎಂದಳು ಸಾಲಿನಲ್ಲಿದ್ದ ಡಲ್ಸಿ. ಅವಳ ಗಂಡ ಹಡಗುಕಟ್ಟೆಯಲ್ಲಿ ನನ್ನ ಜೊತೆ ಮೂಟೆ ಹೊತ್ತು, ಆ ಧೂಳಿಗೆ ಕೆಮ್ಮಿ ಕೆಮ್ಮಿ ಸತ್ತ. ಅಂಥವರಿಗೆ ಪರಿಹಾರ ಕೊಡುವ ಮಸೂದೆಯೇ ಇವತ್ತಿನದು. ಒಂಬತ್ತು ವರ್ಷ ಅದರ ಬೆನ್ನು ಹತ್ತಿದವನು ನಾನೇ.

ಚಿಕ್ಕಪ್ಪ ಒಮ್ಮೆ ಇಂಥ ಸಾಲು ದಾಟಿ ಕೆಲಸಕ್ಕೆ ಹೋಗಿದ್ದ, ಒಂದೇ ದಿನ. ಮಗುವಿಗೆ ಜ್ವರವಿತ್ತು, ಔಷಧಿಗೆ ಕಾಸಿರಲಿಲ್ಲ. ಪಕ್ಕದ ಮನೆಯಲ್ಲಿದ್ದರೂ ಅಪ್ಪ ಸಾಯುವವರೆಗೆ ಅವನನ್ನು ಮಾತಾಡಿಸಲಿಲ್ಲ. ಹಾಗೆ ಮಾತು ಬಿಟ್ಟಿದ್ದು ತಪ್ಪೆಂದು ಅಪ್ಪನ ಜೊತೆ ಎಷ್ಟೋ ಸಲ ಜಗಳವಾಡಿದ್ದೇನೆ.

ನನ್ನ ಕೋಣೆಯ ಡ್ರಾಯರಿನ ಬಿ.ಪಿ. ಮಾತ್ರೆ, ಗೋಡೆಯ ಮೇಲಿನ ಅಪ್ಪನ ಫೋಟೊ ತೆಗೆದಿಡಲು ಹೇಳಿ. ಆ ಕೋಣೆ ಬೇರೆಯವರಿಗೆ ಬೇಕಾಗುತ್ತದೆ.

ಮತದಾನದ ಗಂಟೆ ಬಡಿಯುತ್ತಿದೆ. "ಕಾಗದ ಕೊಡಿ, ಓಡಿ ಕೊಟ್ಟು ಬರ್ತೀನಿ" ಎನ್ನುತ್ತಿದ್ದಾಳೆ ಬೇಕರಿಯಾಕೆ. ಆ ಸಾಲು ದಾಟು ಎಂದು ಅವಳಿಗೆ ಹೇಳಲೂ ನನಗೆ ಬಾಯಿ ಬರುತ್ತಿಲ್ಲ. ನಿಮ್ಮ ಮನೆಯ ವಿಳಾಸ ಬರೆದು ಅಂಚೆ ಡಬ್ಬಕ್ಕೆ ಹಾಕುತ್ತಿದ್ದೇನೆ. ನಾಳೆ ಸಿಗುತ್ತದೆ.

ನಿಮ್ಮ,
ಕ್ಲೆಮ್ ಡೊರಿಗನ್