ಗುಜರಿಯವನು ಬರುವ ಮೊದಲು

ಅಪ್ಪಾ,

ಹತ್ತು ಗಂಟೆಗೆ ಕೆಂಚಯ್ಯ ಮಾವ ಗುಜರಿಯವನನ್ನು ಕರೆತರುವ ಮೊದಲು ನಮ್ಮ ಕಾರನ್ನು ಒಂದು ಸಲ ಸ್ಟಾರ್ಟ್ ಮಾಡಿ ನೋಡಿ. ನಿನ್ನೆ ಬೆಳಗ್ಗೆ ಅದು ಕೆಮ್ಮಿ ನಡುಗಿದ್ದು ಕಂಡು ಮಾವ "ಇಂಜಿನ್ನು ಮುಗುದೋಯ್ತು ಕಣಯ್ಯ, ತೂಕಕ್ಕೆ ಹಾಕ್ಬುಡು" ಅಂದರು, ನೀವು ತಲೆಯಾಡಿಸಿಬಿಟ್ಟಿರಿ.

ಸಂಜೆ ನೀವೆಲ್ಲ ದೊಡ್ಡಮಳೂರಿಗೆ ಹೋದಾಗ ಎಂಜಿನ್ ಚಾಲೂ ಮಾಡಿ, ಒಣ ಬಟ್ಟೆ ಹಿಡಿದು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಒಂದನೆಯದನ್ನೋ ನಾಲ್ಕನೆಯದನ್ನೋ ಕಿತ್ತರೆ ಎಂಜಿನ್ ನಿಲ್ಲುವಂತಾಗುತ್ತಿತ್ತು. ಎರಡನೆಯದನ್ನೋ ಮೂರನೆಯದನ್ನೋ ಕಿತ್ತರೆ ಸದ್ದು ಬದಲಾಗಲೇ ಇಲ್ಲ. ಆ ಎರಡೂ ಅದಲುಬದಲಾಗಿದ್ದವು! ಭಾನುವಾರ ಪ್ಲಗ್ ತಿಕ್ಕಿ ವಾಪಸ್ ಹಾಕಿದವರು ಯಾರಪ್ಪಾ? ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಗೂಡಿನ ಲಾಟುಗಳಿಗೆ ಸಾಲಾಗಿ ನಂಬರ್ ಹಾಕಿದ ಹಾಗೆ ಒಂದಾದ ಮೇಲೆ ಎರಡೇ ಅಂದುಕೊಂಡಿರಿ. ಕಾರಿನ ಪುಸ್ತಕದ ಪ್ರಕಾರ ಒಂದಾದ ಮೇಲೆ ಕಿಡಿ ಹೋಗಬೇಕಾದ್ದು ಮೂರಕ್ಕೆ.

ಸರಿಮಾಡಿದ್ದೇನೆ. ನೀವಿನ್ನೂ ಎದ್ದಿಲ್ಲ, ನಾನು ಬೆಳಗ್ಗೆ ಏಳರ ಬಸ್ಸಿಗೆ ಸಾತನೂರಿಗೆ ಹೊರಟೆ. ಗುಜರಿಯವನ ಕೈಗೆ ಸಿಗದಿರಲೆಂದು ಕಾರಿನ ಕೀ ಮನೆಯೊಳಗೆ ಗೋಡೆಯ ಕನ್ನಡಿಯ ಹಿಂದೆ ಇಟ್ಟಿದ್ದೇನೆ.

ಮಾವ ಕೇಳಿದರೆ ರಿಪೇರಿ ಮಾಡಿದ್ದು ನೀವೇ ಅನ್ನಿ, ನನ್ನ ಹೆಸರು ಎತ್ತಬೇಡಿ. ಕೆಡಿಸಿದ್ದಂತೂ ನೀವೇ, ಅರ್ಧ ನಿಜವಾದರೂ ಆಗುತ್ತದೆ.

ಇಂದ್ರಾಣಿ