ಕಿಟಕಿಯ ಕಡೆ ತಿರುಗಿಸದ ಕುರ್ಚಿ

ಹೊಲಿಗೆ ಕೋಣೆ,
ಮಾರ್ಚ್ ೧೨, ಬುಧವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಬೆನ್ನು ನೋವು ಕಡಿಮೆಯಾಯಿತೇ? ತರಬೇತಿ ಶಾಲೆಯ ಹಾಸಿಗೆ ಹಲಗೆಗಿಂತ ಗಟ್ಟಿ ಎಂದು ಬರೆದಿದ್ದೆಯಲ್ಲ, ಒಂದು ಕಂಬಳಿಯನ್ನು ಮಡಿಸಿ ಕೆಳಗೆ ಹಾಕಿಕೋ. ಹೊದೆಯಲು ಇನ್ನೊಂದು ಕೇಳಿದರೆ ಯಾರೂ ನಿನ್ನ ತಲೆ ತೆಗೆಯುವುದಿಲ್ಲ. ನಲವತ್ತು ದಾಟಿದ ಮೇಲೆ ಮತ್ತೆ ಬೆಂಚಿನ ಮೇಲೆ ಕುಳಿತು ಯಂತ್ರದ ಪಾಠ ಕಲಿಯುತ್ತಿರುವ ನಿನ್ನನ್ನು ನೆನೆದರೆ ನಗು ಬರುತ್ತದೆ, ಹೆಮ್ಮೆಯೂ ಆಗುತ್ತದೆ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಬೈಂಡಿಂಗ್ ಅಂಗಡಿಯನ್ನು ನಿನ್ನ ಹೆಂಡತಿ ನಿನಗಿಂತ ಚೆನ್ನಾಗಿ ನಡೆಸುತ್ತಿದ್ದಾಳೆ. ಗೋಂದಿನ ಡಬ್ಬಿಗೆ ಮುಚ್ಚಳ ಹಾಕುವ ಅಭ್ಯಾಸ ಆ ಅಂಗಡಿಗೆ ಈಗಷ್ಟೇ ಬಂದಿದೆ. ನಿನ್ನ ಮಗಳು ಶಾಲೆ ಬಿಟ್ಟೊಡನೆ ನನ್ನ ಹತ್ತಿರ ಬಂದು ಗುಂಡಿ ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಾಳೆ, ಅರ್ಧವನ್ನು ಕಳೆಯುತ್ತಾಳೆ.

ಈಗ ನಿನ್ನ ಕಾಗದ ಕತ್ತರಿಸುವ ಯಂತ್ರದ ಸಾಲದ ವಿಷಯಕ್ಕೆ ಬರುತ್ತೇನೆ. ನಿನ್ನೆ ನಮ್ಮ ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಯ ಸಭೆಯಲ್ಲಿ ನಿನ್ನ ಅರ್ಜಿ ಬಂತು. ಅವಸರ ಮಾಡಬೇಡ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಾನು ಆ ಮಂಡಳಿಯ ಏಳು ಜನರಲ್ಲಿ ಒಬ್ಬಳಾಗಿ ವರ್ಷವಾಯಿತು. ಷೇರುದಾರರಲ್ಲಿ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಟ್ಟವಳು ನಾನು, ಅದಕ್ಕೇ ಗೆದ್ದೆ ಎಂದು ನೀನು ಹಂಗಿಸುತ್ತಿದ್ದೆ. ಇರಬಹುದು. ಆದರೆ ಆರಿಸಿ ಕಳಿಸಿದ ಮೇಲೆ ಅವರು ಕೊಟ್ಟ ನಿಯಮಗಳ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದವಳು ನಾನೊಬ್ಬಳೇ, ಇದು ಮ್ಯಾನೇಜರ್ ಅಮ್ಮನೇ ಹೇಳಿದ ಮಾತು.

ಆ ಪುಸ್ತಕದಲ್ಲಿ ಒಂದು ಸಾಲಿದೆ: ನಿರ್ದೇಶಕರ ಸಂಬಂಧಿಕರ ಅರ್ಜಿ ಚರ್ಚೆಗೆ ಬಂದಾಗ ಆ ನಿರ್ದೇಶಕರು ಕೊಠಡಿಯ ಹೊರಗಿರಬೇಕು. ನಮ್ಮ ಬ್ಯಾಂಕಿನಲ್ಲಿ ಹೊರಗೆ ಹೋಗುವ ರೂಢಿಯೇ ಇರಲಿಲ್ಲ. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಕೂರುವುದು, ಅಷ್ಟೇ. ಮುಖ ಆ ಕಡೆ ಇದ್ದರೆ ಮನುಷ್ಯ ಹೊರಗಿದ್ದ ಹಾಗೆ, ನಡಾವಳಿ ಪುಸ್ತಕದಲ್ಲಿ ಹಾಗೆಯೇ ಬರೆಯುತ್ತಿದ್ದರು. ಇದನ್ನು ಯಾರು ಶುರು ಮಾಡಿದರೋ, ಯಾರಿಗೂ ನೆನಪಿಲ್ಲ. ಮೂರು ತಿಂಗಳ ಹಿಂದೆ ಅಧ್ಯಕ್ಷರ ಅಳಿಯನ ಅರ್ಜಿ ಬಂದಾಗ ಅವರು ಹೀಗೇ ಕಿಟಕಿ ನೋಡುತ್ತಾ ಕುಳಿತರು. ಚರ್ಚೆ ಸ್ವಲ್ಪ ಬಿಗಿಯಾದಾಗ ಒಮ್ಮೆ ಕೆಮ್ಮಿದರು. ಎಲ್ಲರೂ ಒಪ್ಪಿಬಿಟ್ಟರು. ನನಗೆ ತಡೆಯಲಾಗಲಿಲ್ಲ. "ಬೆನ್ನು ತಿರುಗಿಸಿದ್ರೆ ಕಿವಿ ಮುಚ್ಚಿಹೋಗುತ್ತಾ ಸಾರ್?" ಎಂದು ಕೇಳಿಬಿಟ್ಟೆ. ಆಮೇಲೆ ಎರಡು ಸಭೆಗಳವರೆಗೆ ಅವರು ನನ್ನೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ನಿನ್ನೆ ಮ್ಯಾನೇಜರ್ ಅಮ್ಮ ನಿನ್ನ ಹೆಸರು ಓದಿದಾಗ ಎಲ್ಲರೂ ಕಾಗದಗಳಿಂದ ತಲೆ ಎತ್ತಿದರು. ಆರು ಜೊತೆ ಕಣ್ಣು ನನ್ನ ಕುರ್ಚಿಯ ಮೇಲೆ. ಮಂಡಳಿಯಲ್ಲೇ ಇರುವ ಔಷಧಿ ಅಂಗಡಿಯವರು ಪಾಪ, ನನಗೆ ಸಹಾಯವಾಗಲೆಂದು ಕಿಟಕಿಯ ಪರದೆಯನ್ನು ಸರಿಸಿಯೂ ಕೊಟ್ಟರು! ಸುಳ್ಳು ಹೇಳುವುದಿಲ್ಲ ತಮ್ಮಾ, ಕುರ್ಚಿಯ ಹಿಡಿಕೆಯ ಮೇಲೆ ಕೈ ಇಟ್ಟೆ. ತಿರುಗಿಸಿಬಿಡೋಣ ಅನ್ನಿಸಿತು. ನೀನು ನಿದ್ದೆಗಣ್ಣಿನಲ್ಲಿ ಕೈಯಿಂದ ಕಾಗದದ ಕಂತೆ ಕೊಯ್ದು ಬೆರಳು ಕೊಯ್ದುಕೊಂಡದ್ದು ಕಣ್ಣ ಮುಂದೆ ಬಂತು. ಆಮೇಲೆ ಎದ್ದೆ, ಚೀಲ ತೆಗೆದುಕೊಂಡೆ, ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಹೊರಗೆ ಬಂದವಳನ್ನು ಎಲ್ಲಿ ಕೂರಿಸಬೇಕೆಂದು ಯಾರಿಗೂ ತಿಳಿಯದು. ಜವಾನ ಗಾಬರಿಯಾಗಿ ಒಂದು ಲೋಟ ನೀರು ತಂದುಕೊಟ್ಟ, ನನಗೆ ತಲೆ ಸುತ್ತಿದೆ ಎಂದುಕೊಂಡಿರಬೇಕು. ಕೊನೆಗೆ ಗ್ರಾಹಕರ ಬೆಂಚಿನಲ್ಲಿ ಒಬ್ಬ ಅಜ್ಜಿಯ ಪಕ್ಕ ಕುಳಿತೆ. ಹಣ ತೆಗೆಯುವ ಚೀಟಿಯನ್ನು ತುಂಬಿಕೊಡು ಎಂದರು, ತುಂಬಿಕೊಟ್ಟೆ. "ನಿಂದೂ ಸಾಲದ ಅರ್ಜಿನಾ ಮಗಾ?" ಎಂದರು. ನನ್ನ ತಮ್ಮನದು ಎಂದೆ. "ಒಳಗೆ ಪರಿಚಯದವರು ಯಾರಾದ್ರೂ ಇದಾರಾ?" ಎಂದು ಕಿವಿಯ ಹತ್ತಿರ ಬಂದು ಕೇಳಿದರು. "ಒಬ್ಬಳಿದ್ಲು ಅಜ್ಜಿ, ಈಗ ತಾನೇ ಎದ್ದು ಬಂದ್ಲು" ಎಂದೆ. ಅಜ್ಜಿ ಲೊಚಗುಟ್ಟಿ, ಅಂಥವರನ್ನು ನಂಬಿ ಕೆಟ್ಟೆ ಎನ್ನುವ ಹಾಗೆ ನನ್ನ ಮಂಡಿಯನ್ನು ತಟ್ಟಿದರು. ನಗು ತಡೆದುಕೊಳ್ಳಲು ನೀರು ಕುಡಿಯಬೇಕಾಯಿತು.

ಹತ್ತು ನಿಮಿಷಕ್ಕೆ ನನ್ನನ್ನು ಒಳಗೆ ಕರೆದರು. ತೀರ್ಮಾನ ತಿಳಿಸಿದರು. ಮುಂದಿನದು ಅಧ್ಯಕ್ಷರ ಅಳಿಯನದೇ, ಕಂತಿನ ಅವಧಿ ಹೆಚ್ಚಿಸಿ ಎಂಬ ಅರ್ಜಿ. ಅಧ್ಯಕ್ಷರು ಕಿಟಕಿ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ಒರೆಸಿದರು. ಆಮೇಲೆ ಎದ್ದು ಹೊರಗೆ ನಡೆದರು! ಅಷ್ಟು ದೊಡ್ಡ ಮನುಷ್ಯ ಅದೇ ಅಜ್ಜಿಯ ಪಕ್ಕ ಹೋಗಿ ಕುಳಿತದ್ದು ಬಾಗಿಲ ಸಂದಿಯಿಂದ ಕಂಡಿತು. ಉಪಾಧ್ಯಕ್ಷರು ಸಭೆ ನಡೆಸಿದರು. ಅಳಿಯನ ಕಾಗದಪತ್ರ ಸರಿಯಾಗಿತ್ತು, ನಾನೂ ಕೈ ಎತ್ತಿದೆ. ಸೇಡು ತೀರಿಸಿಕೊಳ್ಳುವ ಸಭೆಯೇ ಅದು? ಮ್ಯಾನೇಜರ್ ಅಮ್ಮ ನಡಾವಳಿಯಲ್ಲಿ ನಾವಿಬ್ಬರೂ ಹೋದ ಸಮಯ, ಬಂದ ಸಮಯ ಎರಡನ್ನೂ ಬರೆದು, ಬರೆದದ್ದನ್ನು ಇನ್ನೊಮ್ಮೆ ಓದಿ ತಾವೇ ಖುಷಿಪಟ್ಟರು. ಮುಂದಿನ ಸಭೆಗೆ ಹೊರಗೆ ಎರಡು ಕುರ್ಚಿ ಹಾಕಿಸುತ್ತಾರಂತೆ.

ರಾತ್ರಿ ಬಹಳ ದಿನಗಳ ನಂತರ ಚೆನ್ನಾಗಿ ನಿದ್ದೆ ಬಂತು. ಜನ ತಮ್ಮ ದುಡ್ಡು ತಂದಿಟ್ಟು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರಲ್ಲ, ಅವರ ಮುಖವನ್ನು ಈಗ ಅಂಗಡಿಯಲ್ಲಿ ನೇರವಾಗಿ ನೋಡಬಲ್ಲೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಸಂತೋಷವೇ ಎಂದು ನನಗೇ ಆಶ್ಚರ್ಯ. ಹೇಳಬೇಕೆಂದರೆ ನಿನಗೇ ಹೇಳಬೇಕು, ಇಲ್ಲಿ ಬೇರೆ ಯಾರಿಗೆ ಹೇಳಿದರೂ ಬಾಗಿಲು ತೆಗೆದು ಹೊರಗೆ ಬಂದದ್ದರಲ್ಲಿ ಏನಿದೆ ಅನ್ನುತ್ತಾರೆ.

ಮಹಿಳಾ ಮಂಡಳದ ಪರದೆಗಳನ್ನು ಸಂಜೆಗೆ ಕೊಡಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಯಂತ್ರದ ಹತ್ತಿರ ಕೈ ಜೋಪಾನ. ನೂರು ಕಾಲ ಸುಖವಾಗಿರು.

ನಿನ್ನ,
ಅಕ್ಕ

ಮರೆತೆ ಎನ್ನಲಾರೆ, ಬರೆಯಲು ಕೈ ಬರಲಿಲ್ಲ: ನಿನ್ನ ಅರ್ಜಿ ಬಿತ್ತು ತಮ್ಮಾ. ಮೂರು ಜನ ಬೇಕೆಂದರು, ಯಂತ್ರಕ್ಕೆ ಸಾಕಷ್ಟು ಕೆಲಸವಿಲ್ಲವೆಂದು ಮೂರು ಜನ ಬೇಡವೆಂದರು. ಸಮ ಬಂದರೆ ಅರ್ಜಿ ಬಿದ್ದ ಹಾಗೆ, ಅದೂ ಅದೇ ಪುಸ್ತಕದಲ್ಲಿದೆ. ನಾನು ಕುರ್ಚಿಯಲ್ಲೇ ಉಳಿದು ಒಮ್ಮೆ ಕೆಮ್ಮಿದ್ದರೆ ಯಂತ್ರ ನಿನ್ನದಾಗುತ್ತಿತ್ತು. ಶಾಲೆಗಳಿಂದ ಮುಂದಿನ ವರ್ಷದ ನೋಟುಪುಸ್ತಕದ ಆರ್ಡರು ಬರೆಸಿಕೊಂಡು ಬಂದರೆ ಮೂರು ತಿಂಗಳ ನಂತರ ಮತ್ತೆ ಅರ್ಜಿ ಹಾಕಬಹುದು, ಆಗಲೂ ನಾನು ಹೊರಗೇ ಇರುತ್ತೇನೆ. ನಿನ್ನ ಹೆಂಡತಿಗೆ ಹೇಳಿದ್ದೇನೆ. ಅವಳು ನಿನ್ನೆಯಿಂದ ನನ್ನ ಹತ್ತಿರ ಮಾತಾಡಿಲ್ಲ. ನಿನಗೂ ಸಿಟ್ಟು ಬಂದರೆ ಬೈದು ಬರೆ, ಎರಡು ಪುಟ ಬೈದರೂ ಸರಿ. ಬರೆಯದೆ ಮಾತ್ರ ಇರಬೇಡ.